ಹಿಟ್ಟಿನ ಮಿಲ್‌ನಿಂದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಾಸನ ಜಿಲ್ಲಾಧಿಕಾರಿಗಳಿಗೆ, ಹಾಗೇ ಇದನ್ನು ಓದುವ ನಮ್ಮ ಜಿಲ್ಲೆಯ ಎಲ್ಲರಿಗೂ,

ನಮಸ್ಕಾರ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಮಿಲ್ ನಡೆಸುವವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ನಾನೇ ಬೆಲ್ಟ್ ಹಾಕುತ್ತೇನೆ, ನಾನೇ ಕಲ್ಲಿಗೆ ಉಳಿ ಹಾಕಿಸುತ್ತೇನೆ. ಮದುವೆಗೆ ಮುಂಚೆ ಬಿಎ ಮಾಡಿದ್ದೆ. ಇತಿಹಾಸ ಅಂದರೆ ಇಷ್ಟ. ಆ ಓದು ಮಿಲ್ ನಡೆಸುವವಳಿಗೆ ಯಾವ ಉಪಯೋಗಕ್ಕೆ ಅಂತ ಅತ್ತೆ ಕೇಳುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. 2024ರ ಮಾರ್ಚ್‌ವರೆಗೆ.

2023ರ ಬರ ನಿಮಗೆ ನೆನಪಿರುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ನಮ್ಮದು ಮೊದಲೇ ಒಣ ಸೀಮೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಎರಡು ಸಾವಿರ ಮಿ.ಮೀ. ದಾಟಿ ಮಳೆ ಹೊಡೆಯುತ್ತದೆ, ನಮಗೆ ಅದರ ಅರ್ಧವೂ ಇಲ್ಲ. ಆ ವರ್ಷ ರಾಗಿ ಗೇಣುದ್ದ ಎದ್ದು ಅಲ್ಲೇ ನಿಂತಿತು. ಕೆಲವರು ಕೊಯ್ಯಲೂ ಇಲ್ಲ, ದನ ಬಿಟ್ಟು ಮೇಯಿಸಿದರು.

ಮಾರ್ಚ್ ತಿಂಗಳ ಒಂದು ಸಂಜೆ ಮಿಲ್ ನಿಲ್ಲಿಸಿ ಕಸ ಗುಡಿಸುತ್ತಿದ್ದೆ. ಎಷ್ಟು ಜೋಪಾನ ಮಾಡಿದರೂ ಹಿಟ್ಟು ಹಾರುತ್ತದೆ. ಕಿಟಕಿ ಸರಳಿನ ಮೇಲೆ, ಮೋಟರ್ ಮೇಲೆ, ನೆಲದ ಮೇಲೆ ಕೂತಿರುತ್ತದೆ. ಅದನ್ನೆಲ್ಲ ಗುಡಿಸಿ ಒಂದು ಮಂಕರಿಗೆ ತುಂಬಿಡುತ್ತೇನೆ. ರಾಗಿ, ಗೋಧಿ, ಅಕ್ಕಿ, ಒಂದಿಷ್ಟು ಖಾರದ ಪುಡಿ, ಮಣ್ಣು, ಎಲ್ಲ ಅದರಲ್ಲಿ ಇರುತ್ತದೆ. ಯಾರಾದರೂ ಹಸುವಿಗೋ ಕೋಳಿಗೋ ಅಂತ ಒಯ್ಯುತ್ತಾರೆ.

ಆ ಸಂಜೆ ನಮ್ಮ ಬೀದಿ ಕೊನೆಯ ಅಜ್ಜಿ ಬಂದರು. ಎಪ್ಪತ್ತು ದಾಟಿದ ಜೀವ, ಒಬ್ಬರೇ ಇರುತ್ತಾರೆ. "ಅವ್ವಾ, ಆ ಗುಡಿಸಿದ್ದು ಕೊಡ್ತೀಯೇನವ್ವ, ಕೋಳಿಗೆ ಬೇಕಾಗಿತ್ತು" ಅಂದರು. ಸೆರಗು ಒಡ್ಡಿದರು, ಹಾಕಿದೆ. ಮಾರನೇ ದಿನವೂ ಬಂದರು. ಅದರ ಮಾರನೇ ದಿನವೂ. ನಾಲ್ಕನೇ ದಿನ ಹೋಗುವಾಗ ಬಾಗಿಲಲ್ಲಿ ನಿಂತು, "ಒಂದು ಜರಡಿ ಇದ್ರೆ ಕೊಡವ್ವ, ಬೆಳಿಗ್ಗೆ ತಂದ್ಕೊಡ್ತೀನಿ" ಅಂದರು.

ಜರಡಿ ಕೊಟ್ಟೆ. ಅವರು ಹೋದ ಮೇಲೆ ಹೊಳೆಯಿತು. ಕೋಳಿಗೆ ಹಾಕುವ ಹಿಟ್ಟಿಗೆ ಯಾರು ಜರಡಿ ಹಿಡಿಯುತ್ತಾರೆ? ಆಮೇಲೆ ನೆನಪಾಯಿತು, ಅವರ ಮನೆಯಲ್ಲಿ ಕೋಳಿಯೇ ಇಲ್ಲ. ದೀಪಾವಳಿ ಹೊತ್ತಿಗೇ ಮಾರಿದ್ದರು.

ವಿಚಾರಿಸಿದರೆ, ಎರಡು ತಿಂಗಳಿಂದ ಅವರಿಗೆ ಸೊಸೈಟಿ ಅಕ್ಕಿ ಸಿಕ್ಕಿರಲಿಲ್ಲ. ಹೆಬ್ಬೆಟ್ಟು ಕೂರುತ್ತಿರಲಿಲ್ಲ. ಕಳೆ ಕಿತ್ತು, ಸೌದೆ ಒಡೆದು, ತೆಂಗಿನಕಾಯಿ ಸುಲಿದು ಗೆರೆಯೆಲ್ಲ ಸವೆದ ಬೆರಳು. ಒಂದು ದಿನ ಬೆರಳು ಒಪ್ಪಲಿಲ್ಲ, ಇನ್ನೊಂದು ದಿನ ಸರ್ವರ್ ಇಲ್ಲ, ಮತ್ತೊಂದು ದಿನ "ಆಧಾರ್ ಸರಿ ಮಾಡಿಸ್ಕೊಂಡು ಬಾ ಅಜ್ಜಿ". ಬಸ್ಸೇನೋ ಹೆಂಗಸರಿಗೆ ಫ್ರೀ. ಆದರೆ ನಮ್ಮೂರಿಗೆ ಬಸ್ ಬರುವುದು ದಿನಕ್ಕೆ ಎರಡೇ ಸಲ, ಅದೂ ಬಂದರೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ಪೂಜಾರಿ ಒಂದು ಮೆಷಿನ್ನು, ಬೈದರೂ ಅದಕ್ಕೆ ಕೇಳಿಸುವುದಿಲ್ಲ.

ಊರಿನಲ್ಲಿ ಅಕ್ಕಿ ಇರಲಿಲ್ಲವೇ? ಇತ್ತು. ಸೊಸೈಟಿಯಲ್ಲಿ ಮೂಟೆಗಳು ಮೂಲೆಗೆ ಒರಗಿದ್ದವು. ಅಂಗಡಿಯಲ್ಲೂ ಇತ್ತು. ಅಜ್ಜಿಯ ಕೈಗೆ ಎಟುಕಲಿಲ್ಲ, ಅಷ್ಟೇ. ಈ ಪತ್ರದಲ್ಲಿ ನಾನು ಹೇಳಬೇಕಾದ್ದೆಲ್ಲ ಇಷ್ಟೇ. ಆದರೂ ಸ್ವಲ್ಪ ಉದ್ದ ಹೇಳುತ್ತೇನೆ, ಮನ್ನಿಸಿ.

ಮಾನ್ಯರೇ, ಮಿಲ್‌ನಲ್ಲಿ ಕೂತವರಿಗೆ ಊರಿನ ಹೊಟ್ಟೆ ಗೊತ್ತಾಗುತ್ತದೆ. ಒಳ್ಳೆ ವರ್ಷದಲ್ಲಿ ಒಂದು ಮನೆಯಿಂದ ಅರ್ಧ ಚೀಲ ರಾಗಿ ಬರುತ್ತದೆ. ಗಂಡಸರು ಸೈಕಲ್ ಮೇಲೋ ಗಾಡಿ ಮೇಲೋ ಹೇರಿಕೊಂಡು ತರುತ್ತಾರೆ. ಕೈ ಬಿಗಿಯಾದರೆ ಚೀಲ ಹೋಗಿ ಬಕೆಟ್ ಬರುತ್ತದೆ, ಆಮೇಲೆ ಸ್ಟೀಲ್ ಡಬ್ಬ. ಆಗ ತರುವವರು ಹೆಂಗಸರು. ಇನ್ನೂ ಕಷ್ಟವಾದರೆ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಮಗುವನ್ನು ನಿಲ್ಲಿಸಿ "ಯಾಕೆ ಇಷ್ಟೇ?" ಅಂತ ಯಾರೂ ಕೇಳಲ್ಲ, ಅಲ್ವಾ.

ಅದರ ಜೊತೆಗೇ ರಾಗಿಗೆ ಸೊಸೈಟಿ ಅಕ್ಕಿ ಬೆರೆಯುತ್ತದೆ. ಮೊದಲು ನಾಲ್ಕಕ್ಕೆ ಒಂದು, ಆಮೇಲೆ ಸಮಸಮ. ಹಿಟ್ಟಿನ ಬಣ್ಣ ತಿಳಿಯಾಗುತ್ತಾ ಹೋಗುತ್ತದೆ. ಅಕ್ಕಿ ಜಾಸ್ತಿಯಾದ ಮುದ್ದೆ ಬಾಯಿಗೆ ಅಂಟುತ್ತದೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಕೂಲಿಗೆ ಹೋಗುವವರು ಬೈಯುತ್ತಾರೆ. ಕೊನೆಗೆ "ಹಿಟ್ಟು ಬೇಡ, ನುಚ್ಚು ಒಡ್ಕೊಡು ಸಾಕು" ಅನ್ನುವ ಹೊತ್ತು ಬರುತ್ತದೆ. ನುಚ್ಚಿನ ಗಂಜಿಗೆ ಎಷ್ಟು ಬೇಕಾದರೂ ನೀರು ಹೊಯ್ಯಬಹುದು. ಗೃಹಲಕ್ಷ್ಮಿ ದುಡ್ಡು ಬಿದ್ದ ವಾರ ಮತ್ತೆ ಬಕೆಟ್ ಕಾಣಿಸುತ್ತದೆ. ಎರಡು ಮೂರು ತಿಂಗಳು ಬೀಳಲಿಲ್ಲವೋ, ಡಬ್ಬ. ಆ ಯೋಜನೆ ಬೇಕೋ ಬೇಡವೋ ಅಂತ ಟಿವಿಯಲ್ಲಿ ಜಗಳ ಆಡುವವರು ಒಂದು ವಾರ ನನ್ನ ಮಿಲ್‌ನಲ್ಲಿ ಕೂತರೆ ಸಾಕು.

ಇದನ್ನೆಲ್ಲ ಯಾರೂ ಬರೆದುಕೊಳ್ಳುವುದಿಲ್ಲ. ಬರ ಘೋಷಿಸಲು 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ಒಂದು ಕೈಪಿಡಿ ಇದೆ. ಅದು ಮುಖ್ಯವಾಗಿ ನೋಡುವುದು ಮಳೆ ಎಷ್ಟು ಕಡಿಮೆಯಾಯಿತು, ಎಷ್ಟು ವಾರ ಬರಲೇ ಇಲ್ಲ, ಬಿತ್ತನೆ ಎಷ್ಟಾಯಿತು, ಮಣ್ಣಿನ ತೇವ ಎಷ್ಟು, ಕೆರೆ ಮತ್ತು ಅಂತರ್ಜಲ ಎಷ್ಟು, ಮೇಲಿನಿಂದ ಉಪಗ್ರಹಕ್ಕೆ ಹಸಿರು ಎಷ್ಟು ಕಂಡಿತು ಅನ್ನುವುದನ್ನು. ಎಲ್ಲ ಬೇಕಾದ್ದೇ, ಬೇಡ ಅನ್ನುವುದಿಲ್ಲ. ಆದರೆ ಉಪಗ್ರಹಕ್ಕೆ ಅಜ್ಜಿಯ ಸೆರಗಿನಲ್ಲಿದ್ದ ಹಿಟ್ಟು ಕಾಣುವುದಿಲ್ಲ.

ತಮಾಷೆ ಏನೆಂದರೆ, ಬ್ರಿಟಿಷರ ಕಾಲದ ಕ್ಷಾಮ ಸಂಹಿತೆಗಳಲ್ಲಿ ಇದಕ್ಕೊಂದು ಜಾಗ ಇತ್ತು. 1880ರ ಕ್ಷಾಮ ಆಯೋಗ ಆದಮೇಲೆ ಬಂದ ಪುಸ್ತಕಗಳು ಅವು. ಧಾನ್ಯದ ಬೆಲೆ ಏರುತ್ತಿದೆಯೇ, ಸಾಲ ಕೊಡುವವರು ಕೈ ಹಿಂದೆ ತೆಗೆದರೇ, ಭಿಕ್ಷೆ ಹಾಕುವವರು ಕಡಿಮೆಯಾದರೇ, ಜನ ಗೊತ್ತುಗುರಿ ಇಲ್ಲದೆ ಊರೂರು ಅಲೆಯುತ್ತಿದ್ದಾರೆಯೇ, ಸಣ್ಣ ಕಳ್ಳತನ ಜಾಸ್ತಿಯಾಯಿತೇ ಅಂತ ನೋಡುತ್ತಿರಿ ಎಂದು ಅಧಿಕಾರಿಗಳಿಗೆ ಹೇಳಿದ್ದರು. ಅನುಮಾನ ಬಂದರೆ ಪರೀಕ್ಷೆಗೆ ಅಂತ ಕಲ್ಲು ಒಡೆಯುವಂಥ ಕೆಲಸ ಕಡಿಮೆ ಕೂಲಿಗೆ ಶುರು ಮಾಡುವುದು. ಅದಕ್ಕೂ ಜನ ಬಂದರೆ ಹಸಿವು ನಿಜ ಎಂದು ಲೆಕ್ಕ. ಎಂಥ ಕಲ್ಲು ಮನಸ್ಸಿನ ಪರೀಕ್ಷೆ ನೋಡಿ. ಆದರೂ ಅವರು ಮೋಡದ ಜೊತೆಗೆ ಮನುಷ್ಯರನ್ನೂ ನೋಡಬೇಕು ಅಂತ ಬರೆದರು.

ಆ ಬುದ್ಧಿ ಅವರಿಗೆ ಬಂದದ್ದು ಲಕ್ಷಾಂತರ ಜನ ಸತ್ತ ಮೇಲೆ. ಅದರಲ್ಲಿ ನಮ್ಮವರೂ ಇದ್ದರು. ನಮ್ಮ ಕಡೆ ಮುದುಕರು "ಧಾತು ಈಶ್ವರ" ಅನ್ನುತ್ತಿದ್ದರು. ಧಾತು ಸಂವತ್ಸರ, ಆಮೇಲೆ ಈಶ್ವರ ಸಂವತ್ಸರ. 1876ರಿಂದ 78. ಮೈಸೂರು ಆಗ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷದ 55 ಸಾವಿರ ಜನ ಇದ್ದರು. 1881ರಲ್ಲಿ ಎಣಿಸಿದರೆ 41 ಲಕ್ಷದ 86 ಸಾವಿರ. ನಡುವೆ ಹುಟ್ಟಿದವರನ್ನೆಲ್ಲ ಸೇರಿಸಿಯೂ ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ತಲೆ ಕಡಿಮೆ.

ಮಳೆ ಬರಲಿಲ್ಲ, ಸತ್ತರು ಅಂತ ಪರೀಕ್ಷೆಯಲ್ಲಿ ಒಂದು ಸಾಲಿನಲ್ಲಿ ಬರೆದು ಮೂರು ಅಂಕ ತಗೊಂಡಿದ್ದೆ. ಅಷ್ಟು ಸುಲಭ ಅಲ್ಲ ಅದು. ದೇಶದ ಬೇರೆ ಕಡೆ ಧಾನ್ಯ ಇತ್ತು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ವೈಸರಾಯ್ ಲಿಟ್ಟನ್‌ಗೆ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನುವ ಹಟ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರಿ ದೊಡ್ಡ ದರ್ಬಾರು ಮಾಡಿದರು, ಊಟ ಉಪಚಾರ ಎಲ್ಲ ಭರ್ಜರಿ. ರೈಲು ಬೆಂಗಳೂರಿಗೆ ಬಂದಿತ್ತು, ಧಾನ್ಯವೂ ಅಲ್ಲಿಯವರೆಗೆ ಬರುತ್ತಿತ್ತು. ಹಾಸನದ ಕಡೆಗೆ ಆಗ ರೈಲು ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಬರಬೇಕು, ಎತ್ತಿಗೆ ಮೇವಿಲ್ಲ. ಬಂದರೂ ಕೊಳ್ಳಲು ಜನರ ಕೈಯಲ್ಲಿ ಕಾಸಿಲ್ಲ. ಬೆಳೆ ಹೋದಾಗ ಕೂಲಿಯೂ ಹೋಗುತ್ತದೆ, ಅದೇ ಹೊತ್ತಿಗೆ ಬೆಲೆ ಏರುತ್ತದೆ. ಬರಗಾಲದಲ್ಲಿ ಅಧಿಕ ಮಾಸ ಅನ್ನುವುದು ಸುಮ್ನೆ ಹುಟ್ಟಿದ ಗಾದೆಯಲ್ಲ.

ಪರಿಹಾರದ ಕೆಲಸಕ್ಕೆ ಬಂದವರಿಗೆ ಎಷ್ಟು ಕೊಡಬೇಕು ಅನ್ನುವುದರಲ್ಲೂ ಜಿಪುಣತನ. ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಮದ್ರಾಸ್ ಸೀಮೆಯಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕು ಎಂದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಎಂಬ ಡಾಕ್ಟರು, ಇಷ್ಟು ತಿಂದು ಮನುಷ್ಯ ಕೆಲಸ ಮಾಡಲಾರ, ಸಾಯುತ್ತಾನೆ ಎಂದು ಜಗಳಕ್ಕೆ ನಿಂತರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ನಾನು ತೂಕದವಳು, ಕ್ಯಾಲ್ಕುಲೇಟರ್ ಪಕ್ಕದಲ್ಲೇ ಇರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕೆಜಿ. 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 167 ಗ್ರಾಂ. ಆ ಕಾಲಕ್ಕೂ ಈ ಕಾಲಕ್ಕೂ ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಆಗ ಬೇರೇನೂ ಇರಲಿಲ್ಲ, ಈಗ ಜನ ದುಡಿದು ಒಂದಿಷ್ಟು ಕೊಂಡೂ ತಿನ್ನುತ್ತಾರೆ. ನಮ್ಮ ರಾಜ್ಯ ತನ್ನ ಕಡೆಯಿಂದಲೂ ಸೇರಿಸುತ್ತದೆ. ಆದರೆ ದುಡಿಯಲಾಗದ ಅಜ್ಜಿಯ ಲೆಕ್ಕ ಬೇರೆ. 2023ರಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗಲಿಲ್ಲ ಅಂತ ಅದರ ಬದಲು ಕೆಜಿಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಹಾಕಿದರು. 170 ರೂಪಾಯಿಗೆ ನಮ್ಮೂರ ಅಂಗಡಿಯಲ್ಲಿ 5 ಕೆಜಿ ಅಕ್ಕಿ ಬರುತ್ತಿರಲಿಲ್ಲ.

ಹಗೇವಿನ ವಿಷಯ ಹೇಳಬೇಕು. ಈಗಿನ ಹುಡುಗರಿಗೆ ಗೊತ್ತಿಲ್ಲ. ನೆಲದೊಳಗೆ ಗುಡಾಣದ ಹಾಗೆ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ರಾಗಿಯ ಗುಣವೇ ಅದು. ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಕಟ್ಟಿರುತ್ತದೆ. ದೀಪ ಇಳಿಬಿಟ್ಟು ನೋಡಬೇಕು. ಆರದಿದ್ದರೆ ಇಳಿಯುವುದು. ನಮ್ಮ ಮಾವನವರ ಹಿತ್ತಲಲ್ಲಿ ಒಂದು ಹಾಳು ಹಗೇವು ಇತ್ತು, ಮನೆ ಕಟ್ಟುವಾಗ ಮುಚ್ಚಿದರು.

ಹಗೇವು ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ಇದ್ದವರಿಗೆ ಬರಗಾಲ ಅಂದರೆ ಹಗೇವು ತೆಗೆಯುವ ಕಾಲ, ಅಷ್ಟೇ. ಇಲ್ಲದವರು ಅವರ ಬಾಗಿಲಿಗೆ ಹೋಗಬೇಕು. ಒಂದಕ್ಕೆ ಒಂದೂವರೆ ಅಂತ ಮಾತಾಗುತ್ತದೆ. ಮುಂದಿನ ವರ್ಷವೂ ಮಳೆ ಹೋಯಿತೋ, ಹೊಲ ಬರೆದುಕೊಡು. ಹೊಲ ಇಲ್ಲವೇ, ಮಗನನ್ನು ಬಿಡು. ಹೀಗೇ ಜೀತ ಬೆಳೆದದ್ದು. ಅಜ್ಜ ತಂದ ಎರಡು ಪಲ್ಲ ರಾಗಿಗೆ ಮೊಮ್ಮಗ ದನ ಕಾಯುತ್ತಿದ್ದ ಮನೆ ನಮ್ಮೂರಿನಲ್ಲೇ ಇತ್ತು ಅಂತ ಅತ್ತೆ ಹೇಳುತ್ತಿದ್ದರು. 1976ರಲ್ಲಿ ಕಾಯ್ದೆ ಬಂದ ಮೇಲೆ ಬಿಡುಗಡೆ. ಬರ ಎರಡು ವರ್ಷಕ್ಕೆ ಮುಗಿಯಿತು ಅಂತ ಪುಸ್ತಕ ಹೇಳುತ್ತದೆ. ಆ ಮನೆಯಲ್ಲಿ ಅದು ಮೂರು ತಲೆಮಾರು ಮುಗಿದಿರಲಿಲ್ಲ.

ಇನ್ನು ಆಲೂಗಡ್ಡೆ. ನನ್ನ ತವರು ಹಾಸನ ತಾಲ್ಲೂಕು. ಅಪ್ಪ ಆಲೂಗಡ್ಡೆ ಹಾಕುತ್ತಿದ್ದರು. ಮೇ ಬಂತೆಂದರೆ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆಯ ಲಾರಿಗಳು ಹಾಸನದ ಎಪಿಎಂಸಿಯಲ್ಲಿ ಸಾಲು ನಿಲ್ಲುತ್ತಿದ್ದವು. ಮನೆಗೆ ತಂದು ಕಣ್ಣು ನೋಡಿಕೊಂಡು ಹೆಂಗಸರೆಲ್ಲ ಕೂತು ಗಡ್ಡೆ ಕೊಯ್ಯುತ್ತಿದ್ದೆವು. ಒಂದು ವರ್ಷ ಗಿಡ ಚೆನ್ನಾಗಿ ಎದ್ದಿತ್ತು. ಎಂಟು ದಿನ ಜಡಿಮಳೆ, ಮೋಡ. ಎಲೆಯ ಅಂಚಿನಲ್ಲಿ ಸುಟ್ಟ ಹಾಗೆ ಕಪ್ಪು ಚುಕ್ಕೆ. ಮೂರನೇ ದಿನ ಹೊಲಕ್ಕೆ ಹೊಲವೇ ಬಿಸಿನೀರು ಹೊಯ್ದ ಹಾಗೆ ಮಲಗಿತ್ತು. ಆ ಕೊಳೆತ ವಾಸನೆ ಊರೊಳಗೆ ಕೂತರೂ ಬರುತ್ತಿತ್ತು. ಅಂಗಮಾರಿ. ಅದು ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಆಲೂಗಡ್ಡೆಯನ್ನೇ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ಬಿದ್ದದ್ದೂ ಇದೇ ರೋಗ. ಫೈಟಾಫ್ತೊರಾ ಇನ್ಫೆಸ್ಟಾನ್ಸ್ ಅಂತ ಆ ರೋಗ ತರುವ ಸೂಕ್ಷ್ಮಜೀವಿಯ ಹೆಸರು. ಅಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೊಂದು 10 ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟರು. ಅದೇ ರೋಗ, ಅದೇ ಕೊಳೆತ ವಾಸನೆ. ನಮ್ಮಪ್ಪನಿಗೆ ಸಾಲ ಆಯಿತು, ಅಮ್ಮನ ಸರ ಬ್ಯಾಂಕಿಗೆ ಹೋಯಿತು. ಹಸಿವಿನಿಂದ ಯಾರೂ ಸಾಯಲಿಲ್ಲ. ಯಾಕೆ? ನಾವು ತಿನ್ನುತ್ತಿದ್ದದ್ದು ರಾಗಿ, ಆಲೂಗಡ್ಡೆ ಮಾರುವುದಕ್ಕೆ. ಅಲ್ಲಿನ ಬಡವರು ತಿನ್ನುತ್ತಿದ್ದದ್ದೇ ಆಲೂಗಡ್ಡೆ. ಗೋಧಿ, ಓಟ್ಸ್, ದನ ಎಲ್ಲ ಜಮೀನುದಾರರ ಗೇಣಿಗೆ ಹೋಗುತ್ತಿತ್ತು, ಅದು ಹಡಗಿನಲ್ಲಿ ಹೊರಗೆ. 1847ರಲ್ಲಿ ಒಂದು ನಿಯಮ ತಂದರು, ಕಾಲು ಎಕರೆಗಿಂತ ಜಾಸ್ತಿ ಭೂಮಿ ಇಟ್ಟುಕೊಂಡವರಿಗೆ ಪರಿಹಾರವಿಲ್ಲ. ಹೊಲ ಬಿಡು, ಗಂಜಿ ಕುಡಿ. ಬಿಟ್ಟರು, ಕುಡಿದರು, ಮತ್ತೆ ಹೊಲ ಸಿಗಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಬಿಪಿಎಲ್ ಕಾರ್ಡಿನ ನಿಯಮ ನೆನಪಾಗುತ್ತದೆ. 3 ಹೆಕ್ಟೇರ್‌ಗಿಂತ ಜಾಸ್ತಿ ಒಣಭೂಮಿ ಇದ್ದರೆ ಇಲ್ಲ, ವರ್ಷದ ಆದಾಯ 1.20 ಲಕ್ಷ ದಾಟಿದರೆ ಇಲ್ಲ. ಅನುಕೂಲಸ್ಥರು ಕಾರ್ಡ್ ಇಟ್ಟುಕೊಂಡಿದ್ದಾರೆ, ನನಗೂ ಗೊತ್ತು, ಅಂಥವರ ಅಕ್ಕಿ ದೋಸೆಗೆ ಅಂತ ನನ್ನ ಮಿಲ್‌ಗೇ ಬರುತ್ತದೆ. ಆದರೆ ನಮ್ಮ ಕಡೆ ಎಂಟು ಎಕರೆ ಕಲ್ಲು ಭೂಮಿ ಇದ್ದವನು ಬರದ ವರ್ಷ ಏನು ತಿನ್ನಬೇಕು? ಕಲ್ಲನ್ನೇ?

ಸ್ವಾತಂತ್ರ್ಯಕ್ಕೆ ನಾಲ್ಕು ವರ್ಷ ಮುಂಚೆ, 1943ರಲ್ಲಿ, ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಅಮರ್ತ್ಯ ಸೇನ್ ಆಗ ಅಲ್ಲೇ ಇದ್ದ ಒಂಬತ್ತು ವರ್ಷದ ಹುಡುಗ. ದೊಡ್ಡವರಾಗಿ ಅರ್ಥಶಾಸ್ತ್ರಜ್ಞರಾದ ಮೇಲೆ ಲೆಕ್ಕ ಹಾಕಿ ತೋರಿಸಿದರು, ಬರ ಇಲ್ಲದ 1941ಕ್ಕಿಂತ 1943ರಲ್ಲಿ ಬಂಗಾಳದಲ್ಲಿ ಆಹಾರ ಕಡಿಮೆ ಇರಲಿಲ್ಲ ಅಂತ. ಯುದ್ಧದ ಖರ್ಚಿನಿಂದ ಬೆಲೆ ಏರಿತು. ಜಪಾನಿನವರ ಕೈಗೆ ಸಿಗಬಾರದು ಅಂತ ಸರ್ಕಾರ ದೋಣಿಗಳನ್ನು ಕಿತ್ತುಕೊಂಡಿತು, ಮೀನು ಹಿಡಿಯುವವರ ಹೊಟ್ಟೆಗೆ ಹೊಡೆತ ಬಿತ್ತು. ಸತ್ತವರಲ್ಲಿ ಹೆಚ್ಚು ಕೂಲಿಯವರು, ಮೀನುಗಾರರು, ಸಣ್ಣಪುಟ್ಟ ಕಸುಬಿನವರು. ಸೇನ್ ಕ್ಷೌರಿಕರ ಉದಾಹರಣೆ ಕೊಡುತ್ತಾರೆ. ಅಕ್ಕಿ ಬೆಲೆ ಏರಿದಾಗ ಜನ ಮೊದಲು ಬಿಡುವುದು ಕಟಿಂಗ್. ಕ್ಷೌರಿಕನ ಕತ್ತರಿಗೆ ಕೆಲಸ ಕಡಿಮೆ, ಆ ಕೆಲಸಕ್ಕೆ ಸಿಗುವ ಅಕ್ಕಿ ಇನ್ನೂ ಕಡಿಮೆ.

ಇದು ನನಗೆ ಅರ್ಥ ಮಾಡಿಸಲು ಯಾರೂ ಬೇಕಿರಲಿಲ್ಲ. 2023ರ ಬರಕ್ಕೆ ನಮ್ಮೂರಲ್ಲಿ ಬೆಳೆ ಪರಿಹಾರ ಅಂತ ಬಂದದ್ದು ಪಹಣಿ ಇದ್ದವರಿಗೆ, ಮೊದಲ ಕಂತು 2,000 ರೂಪಾಯಿವರೆಗೆ. ಕಟಿಂಗ್ ಶಾಪಿನವನಿಗೆ ಪಹಣಿ ಇಲ್ಲ. ಕುರಿ ಕಾಯುವವನಿಗೆ ಇಲ್ಲ. ಕಳೆ ಕೀಳುವ ಹೆಂಗಸರಿಗೆ ಇಲ್ಲ. ಪಾತ್ರೆಗೆ ಕಲಾಯಿ ಹಾಕಲು ಬರುತ್ತಿದ್ದ ಸಾಬರು ಆ ವರ್ಷ ಎರಡು ಸಲ ಬಂದು ಬರಿಗೈಲಿ ಹೋದರು. ಬೆಳೆ ಹೋದದ್ದು ರೈತನದ್ದೇ, ಸುಳ್ಳಲ್ಲ. ಅವನ ಹಿಂದೆ ಸಾಲಾಗಿ ನಿಂತವರು ಯಾವ ಸರ್ವೆಯಲ್ಲೂ ಬರುವುದಿಲ್ಲ.

ಹಸಿವು ಒಂದು ಮನೆಯೊಳಗೆ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಮೊದಲು ಕೋಳಿ ಮಾರುತ್ತಾರೆ, ಆಮೇಲೆ ಆಡು. ಹಸು ಮಾರಲು ಸಂತೆಗೆ ಹೋದರೆ ಎಲ್ಲರೂ ಹಸು ಹಿಡಿದುಕೊಂಡೇ ಬಂದಿರುತ್ತಾರೆ, ಬೆಲೆ ನೆಲಕ್ಕೆ ಬಿದ್ದಿರುತ್ತದೆ. ಅದೇ ಸಂತೆಯಲ್ಲಿ ರಾಗಿ ಬೆಲೆ ಆಕಾಶದಲ್ಲಿ. ಆಮೇಲೆ ಗಿರವಿ ಅಂಗಡಿ. ಓಲೆ, ಸರ, ಕೊನೆಗೆ ತಾಳಿಯ ಗುಂಡು. ಅರಿಶಿನದ ಕೊಂಬು ಕಟ್ಟಿಕೊಂಡು ಬರುವ ಹೆಂಗಸರನ್ನು ನಾನು ಆ ವರ್ಷ ಮಿಲ್‌ನಲ್ಲಿ ನೋಡಿದೆ. ಯಾರೂ ಏನೂ ಕೇಳಲಿಲ್ಲ. ಗಂಡಸರು ಬೆಂಗಳೂರಿಗೆ ಹೋಗುತ್ತಾರೆ, ಇಲ್ಲ ಕಾಫಿ ಕುಯ್ಲಿಗೆ ಅಂತ ಜೋಡಿಯಾಗಿ ಸಕಲೇಶಪುರ, ಮೂಡಿಗೆರೆ ಕಡೆ ಹೋಗುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುತ್ತಾರೆ, ಇಲ್ಲ ಜೊತೆಗೆ ಕರೆದುಕೊಂಡು ಹೋಗಿ ತೋಟದ ಕೂಲಿಯವರಿಗೆ ಕಟ್ಟಿದ ಲೈನ್ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆಗ ಆ ಮಗು ಎರಡೂ ಶಾಲೆಗೆ ಇಲ್ಲ. ದೊಡ್ಡ ಹುಡುಗಿಯನ್ನು ಒಬ್ಬಳೇ ಬಿಟ್ಟು ಹೋಗಲು ಭಯ, ಅದಕ್ಕೇ ಮದುವೆ ಮಾಡಿ ಮುಗಿಸುತ್ತಾರೆ. ನನ್ನ ಮಿಲ್‌ಗೆ ಡಬ್ಬ ಹಿಡಿದುಕೊಂಡು ಬರುತ್ತಿದ್ದ ಹತ್ತನೇ ಕ್ಲಾಸಿನ ಹುಡುಗಿ ಆ ಬೇಸಿಗೆಯಲ್ಲಿ ಹೀಗೇ ಹೋದಳು. ಅದನ್ನು ಯಾರೂ ಬರದ ಖಾತೆಗೆ ಬರೆಯುವುದಿಲ್ಲ.

ಮನೆಯೊಳಗೂ ಎಲ್ಲರಿಗೂ ಒಂದೇ ಹಸಿವಲ್ಲ. ಕೊನೆಗೆ ಉಣ್ಣುವವಳು ಹೆಂಗಸು. ತಳ ಕೆರೆದು ಸಾರು ನೀರು ಮಾಡಿಕೊಂಡು ಉಣ್ಣುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಈಗ ಬರಗಾಲದಲ್ಲಿ ಜನ ರಸ್ತೆ ಬದಿ ಸಾಯುವುದಿಲ್ಲ, ದೇವರ ದಯೆ, ಸರ್ಕಾರದ ದಯೆ. ಆದರೆ ಒಂದೂವರೆ ಅಂಗುಲ ಕುಳ್ಳಗೆ ಬೆಳೆದ ಮಗುವನ್ನು ನೋಡಿ ಇದು ಹಸಿವು ಅಂತ ಯಾರು ಹೇಳುತ್ತಾರೆ? ಅಪ್ಪನ ಹಾಗೆ ಅನ್ನುತ್ತಾರೆ.

ಆದ ಒಳ್ಳೆಯದನ್ನೂ ಹೇಳಬೇಕು. 2024ರ ಬೇಸಿಗೆ ರಜೆಯಲ್ಲಿ ಬರದ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನಿಲ್ಲಿಸಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಶಾಲೆ ಕಡೆ ತಟ್ಟೆ ಹಿಡಿದುಕೊಂಡು ಓಡುವ ಮಕ್ಕಳ ಸದ್ದು ಮಿಲ್ ಸದ್ದಿನ ಮೇಲೂ ಕೇಳುತ್ತಿತ್ತು. ಅದನ್ನು ಯಾರು ತೀರ್ಮಾನ ಮಾಡಿದರೋ ಅವರ ಹೊಟ್ಟೆ ತಣ್ಣಗಿರಲಿ. ನಮ್ಮಮ್ಮ ಚಿಕ್ಕವರಿದ್ದಾಗ ಅಮೆರಿಕದ ಹಾಲಿನ ಪುಡಿ, ಉಪ್ಪಿಟ್ಟು ಕೊಡುತ್ತಿದ್ದರಂತೆ. ಆಗ ದೇಶಕ್ಕೇ ಗೋಧಿ ಸಾಲದೆ ಹಡಗು ಕಾಯುತ್ತಿದ್ದ ಕಾಲ. ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶವನ್ನು ಕೇಳಿದ್ದರು, ನಮ್ಮ ತಾತ ಬಿಟ್ಟಿದ್ದರು. ಈಗ ಸರ್ಕಾರದ ಗೋದಾಮುಗಳು ತುಂಬಿವೆ. ಅದಕ್ಕೇ ನನಗೆ ಆ ಜರಡಿ ಇಷ್ಟು ಚುಚ್ಚಿದ್ದು.

ಈಗ ನಾನು ಕೇಳುವುದು. ದೊಡ್ಡದೇನಲ್ಲ, ದುಡ್ಡು ಖರ್ಚೂ ಜಾಸ್ತಿ ಇಲ್ಲ.

ಹೆಬ್ಬೆಟ್ಟು ಕೂರದಿದ್ದರೆ ಅವತ್ತೇ ಅಕ್ಕಿ ಕೊಟ್ಟು, ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಬೆರಳು ಸರಿ ಮಾಡಿಸಲಿ. ಇದು ನನ್ನ ಸ್ವಂತ ಐಡಿಯಾ ಅಲ್ಲ. ಆಧಾರ್ ಇಲ್ಲ, ಬೆರಳು ಹೊಂದಲಿಲ್ಲ ಅಂತ ಅರ್ಹರಿಗೆ ಪಡಿತರ ತಪ್ಪಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ಸೂಚನೆ ಕೊಟ್ಟಿದೆ. ಅದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಅಂಟಿಸಿ. ಓದಲು ಬಾರದವರಿಗೆ ನಾವು ಓದಿ ಹೇಳುತ್ತೇವೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಮೆಷಿನ್ ಇಲ್ಲದೆ ಕೊಟ್ಟರೆ ನಾಳೆ ಲೆಕ್ಕ ಕೇಳುತ್ತಾರೆ ಅನ್ನುವ ಭಯ ಅವರಿಗೆ. ಆ ಭಯ ತೆಗೆಯುವುದು ನಿಮ್ಮ ಒಂದು ಸಹಿಯಿಂದ ಆಗುತ್ತದೆ.

ಮಳೆ ಕೈಕೊಟ್ಟ ವರ್ಷ ಜನವರಿಯಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಪ್ರತಿ ಪಂಚಾಯಿತಿಯಲ್ಲಿ ಒಂದು ಗಂಟೆ ಕೂರೋಣ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಮಿಲ್‌ನವರು, ದನದ ದಲ್ಲಾಳಿ, ಶಾಲೆ ಮೇಷ್ಟ್ರು, ಕಟಿಂಗ್ ಶಾಪಿನವರು. ಯಾರ ಹೆಸರೂ ಬೇಡ. ಈ ತಿಂಗಳು ಡಬ್ಬ ಎಷ್ಟು, ಚೀಲ ಎಷ್ಟು, ಸಂತೆಯಲ್ಲಿ ಹಸುವಿನ ಬೆಲೆ ಎಷ್ಟು, ಶಾಲೆ ಬಿಟ್ಟ ಮಕ್ಕಳು ಎಷ್ಟು, ಎಷ್ಟು ಮನೆಗೆ ಬೀಗ ಬಿದ್ದಿದೆ. ಅದನ್ನು ನಿಮ್ಮ ಮಳೆ ಲೆಕ್ಕದ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಗಿರವಿ ಅಂಗಡಿಯವರನ್ನೂ ಕರೆಯೋಣ ಅಂತಿದ್ದೆ, ಅವರು ಬಾಯಿ ಬಿಡುವುದಿಲ್ಲ ಅಂತ ಮಗಳು ನಕ್ಕಳು.

ಕೂಲಿ ದುಡ್ಡು ಬೇಗ ಬರಲಿ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 316 ರೂಪಾಯಿ ಕೂಲಿ ಇತ್ತು. 15 ದಿನದಲ್ಲಿ ಕೊಡಬೇಕು ಅಂತ ಆಗಿನ ಕಾಯ್ದೆಯಲ್ಲಿತ್ತು. ನಮ್ಮೂರ ಕೆರೆ ಹೂಳು ತೆಗೆದವರಿಗೆ ಬಂದದ್ದು ಮುಂಗಾರು ಶುರುವಾದ ಮೇಲೆ. ಅಷ್ಟರಲ್ಲಿ ಅವರು ಬಡ್ಡಿ ಕಟ್ಟಲು ಶುರು ಮಾಡಿದ್ದರು. ಹಸಿವಿಗೆ ಹದಿನೈದು ದಿನವೇ ಜಾಸ್ತಿ, ಮಾನ್ಯರೇ.

ಮಲೆನಾಡಿನ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೂ ಇದ್ದಾರೆ, ನಮ್ಮ ತಾಲ್ಲೂಕಿನವರೂ ಇದ್ದಾರೆ. ಎಲ್ಲಿ ಬೇಕಾದರೂ ರೇಷನ್ ತಗೊಳ್ಳಬಹುದು ಅಂತ ಯೋಜನೆ ಇದೆ. ಅಲ್ಲಿ ನೆಟ್‌ವರ್ಕ್ ಬೆಟ್ಟ ಹತ್ತಿದರೆ ಸಿಗುತ್ತದೆ. ಕುಯ್ಲಿನ ಮೂರು ತಿಂಗಳು ಅವರ ಕಡೆಯೂ ಯಾರಾದರೂ ಹೋಗಿ ಬರಲಿ.

ನೀವು ಒಮ್ಮೆ ನಮ್ಮೂರಿಗೆ ಬನ್ನಿ. ಸಭೆ, ಹಾರ, ಶಾಮಿಯಾನ ಬೇಡ. ಬೆಳಿಗ್ಗೆ ಏಳಕ್ಕೆ ಮಿಲ್ ತೆಗೆಯುತ್ತೇನೆ. ಒಂದು ಕುರ್ಚಿ ಇದೆ, ಹಿಟ್ಟು ಕೂತಿರುತ್ತದೆ, ಒರೆಸಿ ಕೊಡುತ್ತೇನೆ. ಮಂಗಳವಾರ ಕರೆಂಟ್ ತೆಗೆಯುತ್ತಾರೆ, ಆ ದಿನ ಬಿಟ್ಟು ಯಾವತ್ತಾದರೂ.

ಅಜ್ಜಿಯ ವಿಷಯ ಹೇಳಲು ಮರೆತೆ. ನನ್ನ ಮಗಳು ಕರೆದುಕೊಂಡು ಹೋಗಿ ಮೂರು ಸಲ ಓಡಾಡಿ ಆಧಾರ್ ಸರಿ ಮಾಡಿಸಿದಳು. ಮೇ ತಿಂಗಳಲ್ಲಿ ಅಕ್ಕಿ ಬಂತು. ತಪ್ಪಿಹೋದ ತಿಂಗಳುಗಳ ಅಕ್ಕಿ ಬರಲಿಲ್ಲ. ಈಗ ಎರಡು ಕೋಳಿ ಸಾಕಿದ್ದಾರೆ. ಈಗಲೂ ಸಂಜೆ ಬಂದು ಗುಡಿಸಿದ್ದು ಕೇಳುತ್ತಾರೆ. ಜರಡಿ ಕೇಳುವುದಿಲ್ಲ.

ಇಂತಿ,
ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಮಿಲ್ ನಡೆಸುವವಳು